ಶಿಶುಬಂಧು ಪೆಸ್ಟಲಾಜಿ

ಸ್ವಿಟ್ಜರ್ಲೆಂಡಿನ ಜೂರಿಚ್ ಪಟ್ಟಣದಲ್ಲಿ 1746ರಲ್ಲಿ ಜನ್ಮವೆತ್ತಿದ ಪೆಸ್ಟಲಾಜಿ ಮಹಾಶಯರು 1799ರ ಜನವರಿಯಲ್ಲಿ ಸ್ಟಾನ್ಸ್ ಎಂಬಲ್ಲಿ, ಕ್ರೈಸ್ತ ಸಂನ್ಯಾಸಿನಿಯರ ಮಠದ ಕಟ್ಟಡದೊಳಗೆ, ಯುದ್ಧದಿಂದ ನಿರ್ಗತಿಕರಾದ ಮಕ್ಕಳನ್ನು ಕೂಡಿಸಿ ಅನ್ನವಿಕ್ಕಿ ಅಕ್ಷರ ಕಲಿಸತೊಡಗಿದರು. ಹಿಂದಿನ ವರ್ಷವಷ್ಟೇ ಫ್ರೆಂಚ್ ಸೈನ್ಯವು ಆ ನಾಡನ್ನು ಸುಟ್ಟಿದ್ದಿತು. ಆ ಸೈನ್ಯದ ಬಲದಿಂದ ನಿಂತ ಸರಕಾರವೇ ಇವರನ್ನು ಕಳುಹಿದುದು. ಮೇಲಾಗಿ ಇವರು ಪರಮತದವರು. ತಾಯಂದಿರು ಸಂಶಯಪಟ್ಟುದನ್ನು ಹಳಿಯಲಾಗದು. ಭಾನುವಾರ ಬಂದು ಮಕ್ಕಳ ದೂರುಗಳನ್ನು ಗುಟ್ಟಾಗಿ ಕೇಳುವರು. ಹೊಸ ಬಟ್ಟೆ ತೊಡಿಸಿದೊಡನೆ ಕರೆದೊಯ್ಯುವರು. ಮಗುವನ್ನು ಬಿಟ್ಟಿರುವುದಕ್ಕೆ ಹಣ ಬೇಡಿದವರೂ ಉಂಟು. ಜೂನಿನಲ್ಲಿ ಕಟ್ಟಡವು ಸೈನ್ಯದ ಆಸ್ಪತ್ರೆಗೆ ಬೇಕಾಗಿ ಶಾಲೆ ಮುಚ್ಚಿತು. ಆದರೂ ಅವರು ತಾಯಂದಿರಿಗೆ ವಿಮುಖರಾಗಲಿಲ್ಲ. 1801ರಲ್ಲಿ ಗರ್ಟ್ರೂಡ್ ಎಂಬ ತಾಯಿಯ ಹೆಸರಿನಲ್ಲಿಯೇ ತಮ್ಮ ಬೋಧನಕ್ರಮವನ್ನು ಗ್ರಂಥವಾಗಿಸಿದರು. 1803ರಲ್ಲಿ, ಮನೆಯಲ್ಲಿ ಮಗುವಿಗೆ ನೋಡಲು, ಮಾತಾಡಲು ಕಲಿಸುವ ಬಗೆಯನ್ನು ತಿಳಿಸುವ ಪುಸ್ತಕವನ್ನು ತಾಯಂದಿರಿಗೆಂದೇ ಹೊರಡಿಸಿದರು. 1827ರಲ್ಲಿ ಬ್ರೂಗ್ ಪಟ್ಟಣದಲ್ಲಿ ಕಾಲವಾದರು.