ಪಕ್ಷಿಲೋಕದ ಲೆಕ್ಕಿಗ ಸಲೀಂ ಅಲಿ

ಭಾರತೀಯ ಪಕ್ಷಿಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿದ ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್‌ಜಿಯವರು ಸಾಕಿ ಬೆಳೆಸಿದರು. ಬಾಲಕನಾಗಿದ್ದಾಗ ಆಟದ ಬಂದೂಕಿನಿಂದ ಹೊಡೆದುರುಳಿಸಿದ ಗುಬ್ಬಿಯೊಂದರ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಅದಾವ ಹಕ್ಕಿಯೆಂದು ತಿಳಿಯುವ ಕುತೂಹಲ ಅವರನ್ನು 1908ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದಿತು. ಅಲ್ಲಿ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ತೋರಿಸಿದ ಪಕ್ಷಿಸಂಗ್ರಹ ಬಾಲಕನ ಬಾಳಿನ ದಿಕ್ಕನ್ನೇ ಬದಲಿಸಿತು.

ಪದವಿಯಿಲ್ಲದ ಅವರಿಗೆ ಜೀವನೋಪಾಯ ಸುಲಭವಾಗಿರಲಿಲ್ಲ. ಬರ್ಮಾದಲ್ಲಿ ನಡೆಸಿದ ವ್ಯಾಪಾರ ಕೈಹಿಡಿಯಲಿಲ್ಲ. ಬರ್ಲಿನ್‌ನಲ್ಲಿ ಸ್ಟ್ರೆಸೆಮಾನ್ ಅವರ ಬಳಿ ಅಧ್ಯಯನ ಮಾಡಿ 1930ರಲ್ಲಿ ಮರಳಿದಾಗ ವಸ್ತುಸಂಗ್ರಹಾಲಯದಲ್ಲಿದ್ದ ಕೆಲಸವೂ ಇರಲಿಲ್ಲ. ಆ ನಿರುದ್ಯೋಗದ ದಿನಗಳಲ್ಲಿ ಕಿಹೀಂ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ತಾಳ್ಮೆಯಿಂದ ಗಮನಿಸಿದರು. ಗಂಡುಹಕ್ಕಿ ಅರೆಗೂಡು ಕಟ್ಟಿ ಹೆಣ್ಣಿನ ಒಪ್ಪಿಗೆ ಪಡೆದ ಮೇಲೆ ಅದನ್ನು ಪೂರ್ಣಗೊಳಿಸಿ, ಮತ್ತೊಂದು ಗೂಡಿಗೆ ತೊಡಗುವ ಕ್ರಮವನ್ನು ಅವರ ದಿನಚರಿ ಬೆಳಕಿಗೆ ತಂದಿತು.

ಬಳಿಕ ಅವರು ಸಂಸ್ಥಾನಗಳ ಮುಂದೆ ಅಪರೂಪದ ಬೇಡಿಕೆಯನ್ನಿಟ್ಟರು. ಸಂಬಳ ಬೇಡ, ಡೇರೆ ಮತ್ತು ಪ್ರಯಾಣದ ವೆಚ್ಚ ಸಿಕ್ಕರೆ ಸಾಕು. ಹೈದರಾಬಾದ್, ತಿರುವಾಂಕೂರು, ಕೊಚ್ಚಿಗಳ ಪಕ್ಷಿಸಮೀಕ್ಷೆಗಳು ಹೀಗೆ ನಡೆದವು. ಕಾಡಿನ ಬಿಡಾರಗಳಲ್ಲಿ ಜೊತೆಗಿದ್ದ ಪತ್ನಿ ತೆಹಮೀನಾ 1939ರಲ್ಲಿ ತೀರಿಕೊಂಡರು. ಆ ದುಃಖದ ನಡುವೆಯೂ ಅವರ ಕೆಲಸ ನಿಲ್ಲಲಿಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು.

ಆ ಕಾಲದಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1956ರ ಬಳಿಕವಷ್ಟೇ ಅದು ಕನ್ನಡನಾಡಿನ ಭಾಗವಾಯಿತು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೆಟ್ಟಿಯಲ್ಲಿ ಕಾಫಿ ಬೆಳೆಯುತ್ತಿದ್ದ ಆರ್.ಸಿ. ಮಾರಿಸ್ ತಾವು ಕಂಡ ಆನೆ, ಕಾಟಿ, ಹಕ್ಕಿಗಳ ವಿವರಗಳನ್ನು ಸೊಸೈಟಿಯ ಪತ್ರಿಕೆಗೆ ಕಳುಹಿಸುತ್ತಿದ್ದರು. ತೋಟಗಾರರು, ಅರಣ್ಯಾಧಿಕಾರಿಗಳು, ಹವ್ಯಾಸಿಗಳು ಬರೆದ ಇಂತಹ ಟಿಪ್ಪಣಿಗಳೂ ದೇಶದ ಜೀವಿಜ್ಞಾನಕ್ಕೆ ಆಧಾರವಾದವು. ದಿನಾಂಕ, ಸ್ಥಳ, ಸಂಖ್ಯೆ ಇವು ಖಚಿತವಾಗಿದ್ದರೆ ಹವ್ಯಾಸಿಯ ಬರಹಕ್ಕೂ ಪಂಡಿತನ ಬರಹದಷ್ಟೇ ಬೆಲೆಯುಂಟು. ಅವು ಇಲ್ಲದಿದ್ದರೆ ಅಪರೂಪದ ಹಕ್ಕಿಯ ದರ್ಶನವೂ ಕೇವಲ ನೆನಪಾಗಿ ಉಳಿಯುತ್ತದೆ.

1941ರಲ್ಲಿ ಪ್ರಕಟವಾದ ಅವರ ಭಾರತೀಯ ಪಕ್ಷಿಗಳ ಕೈಪಿಡಿ ಸಾಮಾನ್ಯ ಓದುಗರನ್ನು ಪಕ್ಷಿವೀಕ್ಷಣೆಗೆ ಹಚ್ಚಿತು. ಡಿಲ್ಲನ್ ರಿಪ್ಲೆಯವರೊಡನೆ ರಚಿಸಿದ ಹತ್ತು ಸಂಪುಟಗಳ ಗ್ರಂಥವು 1968ರಿಂದ 1974ರವರೆಗೆ ಹೊರಬಂದಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. 1987ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ಅವರು ನಿಧನರಾದರು.

1990ರಲ್ಲಿ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರವು ಕೊಯಮತ್ತೂರಿನ ಆನೈಕಟ್ಟಿಯಲ್ಲಿ ಸ್ಥಾಪನೆಗೊಂಡಿತು. ಪಕ್ಕದ ತಿರುಪ್ಪೂರಿನ ನಂಜರಾಯನ್ ಕೆರೆಯಲ್ಲಿ ಸುಮಾರು 190 ಜಾತಿಯ ಹಕ್ಕಿಗಳು ದಾಖಲಾಗಿವೆ. ಬನಿಯನ್ ಉದ್ಯಮದ ನಗರದ ಅಂಚಿನ ಈ ಕೆರೆ 2022ರಲ್ಲಿ ಪಕ್ಷಿಧಾಮವಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬೆಳಗಿನ ಜಾವದಲ್ಲಿ ದುರ್ಬೀನು ಹಿಡಿದು ಕೆರೆಯ ಏರಿಯ ಮೇಲೆ ನಿಂತು, ಕಂಡ ಹಕ್ಕಿಯ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಳ್ಳುವ ಹವ್ಯಾಸಿಗಳು ಸಲೀಂ ಅಲಿಯವರು ತೋರಿದ ದಾರಿಯಲ್ಲಿಯೇ ನಡೆಯುತ್ತಿದ್ದಾರೆ.