ರಾಜೀನಾಮೆ ಕೊಟ್ಟು ಜೈಲು ಕಂಡ ಬಾಖ್

ಪುಣೆಯ ನಮ್ಮ ಐಟಿ ಬಳಗದಲ್ಲಿ ತೊಂಬತ್ತು ದಿನಗಳ ನೋಟಿಸ್ ಪೀರಿಯಡ್‌ಗೆ ಜೈಲುವಾಸ ಎಂದೇ ಹೆಸರು. ಆದರೆ 1717ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಒಬ್ಬ ಸಂಗೀತಗಾರ, ಬೇರೆ ಕಡೆ ಕೆಲಸ ಸಿಕ್ಕಿದೆ, ಬಿಟ್ಟುಬಿಡಿ ಎಂದು ಹಟ ಹಿಡಿದಾಗ ಅಲ್ಲಿನ ಡ್ಯೂಕ್ ಆತನನ್ನು ನಿಜವಾಗಿಯೂ ನಾಲ್ಕು ವಾರ ಸೆರೆಯಲ್ಲಿಟ್ಟ. ಆತನೇ ಯೋಹಾನ್ ಸೆಬಾಸ್ಟಿಯನ್ ಬಾಖ್. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಂಧಗಾಳಿ ಇಲ್ಲದ ನಾನು ಆ ಕಡೆ ಕಿವಿಗೊಟ್ಟದ್ದು ಈ ಕಥೆಯಿಂದಲೇ.

ಬಾಖ್ ಹುಟ್ಟಿದ್ದು 1685ರಲ್ಲಿ, ಐಸೆನಾಖ್ ಎಂಬ ಊರಿನ ಸಂಗೀತಗಾರರ ಮನೆತನದಲ್ಲಿ. ಹತ್ತು ವರ್ಷ ತುಂಬುವ ಮೊದಲೇ ತಾಯಿ, ತಂದೆ ಇಬ್ಬರೂ ತೀರಿಕೊಂಡರು. ಸಾಕಿದ್ದು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಅಣ್ಣ. 1703ರಲ್ಲಿ ಆರ್ನ್‌ಸ್ಟಾಟ್‌ನ ಚರ್ಚಿನಲ್ಲಿ ಬಾಖ್‌ಗೂ ಅದೇ ಕೆಲಸ ಸಿಕ್ಕಿತು. ಎರಡು ವರ್ಷದ ಬಳಿಕ ನಾಲ್ಕು ವಾರ ರಜೆ ಪಡೆದು, ಬುಕ್ಸ್‌ಟೆಹೂಡ ಎಂಬ ಹಿರಿಯ ವಾದಕನನ್ನು ಕೇಳಲು ಸುಮಾರು 400 ಕಿ.ಮೀ. ದೂರದ ಲ್ಯೂಬೆಕ್‌ಗೆ ಕಾಲ್ನಡಿಗೆಯಲ್ಲೇ ಹೋದ. ಮರಳಿದ್ದು ಮೂರು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಚರ್ಚಿನವರು ಕರೆಸಿ ಬೈದರು.

ನಮ್ಮ ಸಂಗೀತದಲ್ಲಿ ರಾಗ ಒಂದೇ ಎಳೆಯಾಗಿ ಬೆಳೆಯುತ್ತದೆ; ತಂಬೂರಿಯ ಶ್ರುತಿ ಅದರ ನೆಲ. ಬಾಖ್‌ನ ಫ್ಯೂಗ್‌ನಲ್ಲಿ ಹಾಗಲ್ಲ. ಒಂದು ಎಳೆ ಹೊರಟ ಸ್ವಲ್ಪ ಹೊತ್ತಿಗೆ ಅದೇ ಸ್ವರಗುಚ್ಛವನ್ನು ಇನ್ನೊಂದು ಎಳೆ ಬೇರೆ ಎತ್ತರದಲ್ಲಿ ಹಿಡಿಯುತ್ತದೆ, ಆಮೇಲೆ ಮತ್ತೊಂದು. ಎಲ್ಲವೂ ಏಕಕಾಲಕ್ಕೆ ಸಾಗುತ್ತವೆ. ಯಾವುದೂ ಇನ್ನೊಂದರ ಪಕ್ಕವಾದ್ಯವಲ್ಲ. ಮೊದಮೊದಲು ನನಗೆ ಅದು ಸಂತೆಯ ಗದ್ದಲದಂತೆ ಕೇಳಿತ್ತು. ಕೆಳಗಿನ ಎಳೆಯೊಂದನ್ನೇ ಹಿಂಬಾಲಿಸಿದಾಗ ಉಳಿದವು ತಾವಾಗಿಯೇ ಬಿಡಿಬಿಡಿಯಾದವು.

ಸೆರೆಯಿಂದ ಬಿಟ್ಟ ಮೇಲೆ ಬಾಖ್ ಸೇರಿದ್ದು ಕ್ಯೋಥೆನ್‌ನ ಸಂಗೀತಪ್ರೇಮಿ ರಾಜಕುಮಾರನ ಆಸ್ಥಾನವನ್ನು. 1720ರಲ್ಲಿ ಅವನೊಂದಿಗೆ ಕಾರ್ಲ್ಸ್‌ಬಾದ್‌ಗೆ ಹೋಗಿ ಮರಳಿದಾಗ ಹೆಂಡತಿ ಮಾರಿಯಾ ಬಾರ್ಬರಾ ತೀರಿಹೋಗಿ, ಮಣ್ಣೂ ಮುಗಿದಿತ್ತು. ಹೋಗುವಾಗ ಆಕೆ ಆರೋಗ್ಯವಾಗಿಯೇ ಇದ್ದಳು. ಮನೆಯಲ್ಲಿ ನಾಲ್ಕು ಮಕ್ಕಳು. ಕೆಲಸಕ್ಕೆಂದು ಊರು ಬಿಟ್ಟ ನಮ್ಮಂಥವರು ಈ ಭಾಗವನ್ನು ಬೇಗ ಓದಿ ಮುಂದೆ ಹೋಗಲಾರೆವು. ಅಪರಾತ್ರಿ ಊರಿಂದ ಫೋನ್ ಬಂದರೆ ಎತ್ತುವ ಮೊದಲೇ ನನ್ನ ಎದೆ ಹೊಡೆದುಕೊಳ್ಳುತ್ತದೆ.

1722ರಲ್ಲಿ ಆತ ಕೀಲಿಮಣೆಗಾಗಿ ಒಂದು ಸಂಪುಟ ಸಿದ್ಧಪಡಿಸಿದ. ಹಾರ್ಮೋನಿಯಂನಂತೆ ಅಲ್ಲೂ ಸಪ್ತಕಕ್ಕೆ 12 ಮನೆ. ಹಿಂದಿನ ಕ್ರಮದಲ್ಲಿ ಶ್ರುತಿ ಮಾಡಿದರೆ ಕೆಲವು ಮನೆಗಳನ್ನು ಷಡ್ಜವಾಗಿ ಹಿಡಿದಾಗ ಇಂಪು, ಕೆಲವನ್ನು ಹಿಡಿದಾಗ ಕರ್ಕಶ. ಅಪಶ್ರುತಿಯನ್ನು ಒಂದೆಡೆ ಪೇರಿಸದೆ ಎಲ್ಲೆಡೆ ಹಂಚಿದರೆ ಯಾವ ಮನೆಯಿಂದಲೂ ನುಡಿಸಬಹುದು. ಹಾಗೆ 12 ಮನೆಗಳಿಗೂ ಮೇಜರ್, ಮೈನರ್ ಎರಡೆರಡರಂತೆ 24 ಜೋಡಿ ರಚನೆಗಳನ್ನು ಆತ ಮಾಡಿದ. ಎಂಜಿನಿಯರ್ ಆದ ನನಗೆ ಈ ಹೊಂದಾಣಿಕೆ ಬಹಳ ಇಷ್ಟ.

ಮರುವರ್ಷ ಲೈಪ್‌ಜಿಗ್‌ನ ಸಂತ ಥಾಮಸ್ ಚರ್ಚಿನ ಕೆಲಸ ಸಿಕ್ಕಿತು. ಬಾಖ್ ಮೊದಲ ಆಯ್ಕೆಯೇನೂ ಆಗಿರಲಿಲ್ಲ. ಟೆಲೆಮನ್ ಒಲ್ಲೆ ಎಂದಿದ್ದ. ಗ್ರೌಪ್ನರ್‌ನನ್ನು ಒಡೆಯ ಸಂಬಳ ಏರಿಸಿ ಉಳಿಸಿಕೊಂಡಿದ್ದ. ಎರಡನೆಯ ಹೆಂಡತಿ, ಗಾಯಕಿ ಆನಾ ಮಾಗ್ಡಲೇನಾ ಆತನ ಕೃತಿಗಳನ್ನು ನಕಲು ಮಾಡಿಕೊಡುತ್ತಿದ್ದಳು. ಎರಡೂ ಮದುವೆಯಿಂದ ಹುಟ್ಟಿದ 20 ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಬದುಕಿದ್ದು ಹತ್ತೇ.

ಎರಡು ಸಲ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ಹೋಯಿತು. 1750ರ ಜುಲೈ 28ರಂದು ಬಾಖ್ ಸತ್ತ. ಸುಮಾರು 1600ರಿಂದ ನಡೆದ ಬರೋಕ್ ಯುಗ ಆ ವರ್ಷಕ್ಕೆ ಮುಗಿಯಿತೆಂದೇ ಲೆಕ್ಕ. ಆ ಹೊತ್ತಿಗೆ ಆತನ ಶೈಲಿ ಹಳತೆನಿಸಿತ್ತು. ಹಗುರವಾದ, ಒಂದೇ ಇಂಪಿನ ಎಳೆ ಮುಂದಿರುವ ಹೊಸ ರೀತಿ ಬಂದಿತ್ತು. ಹೇಡನ್, ಮೊಜಾರ್ಟ್‌ರ ಕ್ಲಾಸಿಕಲ್ ಯುಗ ಅದರಿಂದ ಬೆಳೆಯಿತು. ಆಮೇಲೆ ಬಂದ ರೊಮ್ಯಾಂಟಿಕ್ ಯುಗದಲ್ಲಿ, 1829ರಲ್ಲಿ, ಇಪ್ಪತ್ತು ವರ್ಷದ ಮೆಂಡೆಲ್‌ಸನ್ ಬರ್ಲಿನ್‌ನಲ್ಲಿ ಸಂತ ಮ್ಯಾಥ್ಯೂ ಪ್ಯಾಶನ್ ಹಾಡಿಸಿದ. ಜನ ಮತ್ತೆ ಬಾಖ್ ಕಡೆ ತಿರುಗಿದರು.

ಕೆಲಸಕ್ಕಾಗಿ ಊರೂರು ಅಲೆದವನು ಬಾಖ್. ಆದರೂ ಜರ್ಮನಿ ದಾಟಿ ಹೆಚ್ಚು ದೂರ ಹೋದವನಲ್ಲ. ಅವನ ಸಂಗೀತ ಮಾತ್ರ ಪುಣೆಯಲ್ಲಿರುವ ನನ್ನ ಬಾಡಿಗೆ ಮನೆಯವರೆಗೂ ಬಂದಿದೆ. ಈಗಲೂ ರಾತ್ರಿ ಕೇಳುವಾಗ ನಾನು ಮೊದಲು ಹುಡುಕುವುದು ಆ ಕೆಳಗಿನ ಎಳೆಯನ್ನೇ.