ಎನ್ರಿಕೊ ಫೆರ್ಮಿ

ಅಮೆರಿಕದ ನಾಸಾ ಸಂಸ್ಥೆಯವರು ಇತರ ದೇಶಗಳ ಪಂಡಿತರೊಡಗೂಡಿ 2008ನೆಯ ಇಸವಿ ಜೂನ್ 11ನೆಯ ತಾರೀಖು ಒಂದು ದೂರದರ್ಶಕ ಯಂತ್ರವನ್ನು ಅಂತರಿಕ್ಷಕ್ಕೆ ಕಳುಹಿಸಿ, ಗ್ಯಾಮಾ ಕಿರಣಗಳ ಮೂಲಕ ಆಕಾಶವನ್ನು ಪರಿಶೋಧಿಸತೊಡಗಿದರು. ಅದಕ್ಕೆ ಆ ವರ್ಷದ ಆಗಸ್ಟ್ ತಿಂಗಳಲ್ಲಿ ಫೆರ್ಮಿ ಎಂಬ ಹೆಸರನ್ನಿಟ್ಟರು. ಯಂತ್ರಗಳಿಗೆ ದೊಡ್ಡವರ ಹೆಸರಿಡುವುದು ಬಹುಮಟ್ಟಿಗೆ ಉಪಚಾರವೇ ಸರಿ. ಈ ಹೆಸರಾದರೋ ಅನ್ವರ್ಥವಾದುದೆಂಬುದನ್ನು ವಾಚಕರು ಆ ಮಹನೀಯನ ಚರಿತ್ರೆಯಿಂದಲೇ ಅರಿಯಬಹುದು.

ಫೆರ್ಮಿಯು 1901ನೆಯ ಇಸವಿ ಸೆಪ್ಟೆಂಬರ್ 29ನೆಯ ತಾರೀಖು ರೋಂ ನಗರದಲ್ಲಿ ಜನಿಸಿದನು. ತಂದೆ ರೈಲ್ವೆ ಇಲಾಖೆಯ ಅಧಿಕಾರಿ. ತಾಯಿ ಶಾಲೆಯ ಉಪಾಧ್ಯಾಯಿನಿ. 1915ರಲ್ಲಿ, ತನ್ನ ಪ್ರಾಣಕ್ಕೆ ಸಮನಾಗಿದ್ದ ಅಣ್ಣನು ಗಂಟಲಿನ ಅಲ್ಪ ಶಸ್ತ್ರಚಿಕಿತ್ಸೆಯೊಂದರಲ್ಲಿ ಮೃತನಾಗಲು, ಬಾಲಕನು ಆ ದುಃಖವನ್ನು ನುಂಗಿಕೊಂಡು ವ್ಯಾಸಂಗದಲ್ಲಿ ಮುಳುಗಿದನು. ಸಂತೆಯಲ್ಲಿ ದೊರೆತ ಲ್ಯಾಟಿನ್ ಭಾಷೆಯ ಹಳೆಯ ಭೌತಶಾಸ್ತ್ರ ಗ್ರಂಥವೇ ಆತನಿಗೆ ಗುರುವಾಯಿತು. ಪೀಸಾ ನಗರದಲ್ಲಿ 1922ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1926ರಲ್ಲಿ ರೋಂ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ಅದೇ ವರ್ಷ ಆತನು ಒಂದು ನಿಯಮವನ್ನು ಪ್ರಕಟಿಸಿದನು. ಎಲೆಕ್ಟ್ರಾನಿನಂಥ ಕಣಗಳೆರಡು ಒಂದೇ ಸ್ಥಿತಿಯಲ್ಲಿರಲಾರವೆಂಬ, ಮೊದಲೇ ತಿಳಿದಿದ್ದ ತತ್ತ್ವವೇ ಅದಕ್ಕೆ ಆಧಾರ. ಆದುದರಿಂದ ಅವುಗಳ ಸಮೂಹವನ್ನು ಎಷ್ಟು ಅದುಮಿದರೂ ಅದು ಎದುರೊತ್ತುತ್ತದೆ. ಈ ಗಣಿತವನ್ನು ಇಂಗ್ಲೆಂಡಿನ ಡಿರಾಕನೂ ಸ್ವತಂತ್ರವಾಗಿ ಕಂಡುಕೊಂಡನು. ಉರಿದು ತಣಿದ ನಕ್ಷತ್ರವು ತನ್ನ ಭಾರದಿಂದ ತಾನೇ ಕುಸಿಯದಿರುವುದು ಈ ಒತ್ತಡದಿಂದಲೇ.

1934ರಲ್ಲಿ ಫೆರ್ಮಿಯು ವೇಗ ತಗ್ಗಿದ ನ್ಯೂಟ್ರಾನುಗಳು ಪರಮಾಣುವಿನ ಬೀಜವನ್ನು ಸುಲಭವಾಗಿ ಪ್ರವೇಶಿಸುವುದನ್ನು ಕಂಡುಹಿಡಿದನು. 1938ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದರೆ ಆ ವರ್ಷವೇ ಮುಸೊಲಿನಿಯ ಸರ್ಕಾರವು ಯೆಹೂದ್ಯರ ವಿರುದ್ಧ ಶಾಸನಗಳನ್ನು ಮಾಡಿತು. ಫೆರ್ಮಿಯ ಪತ್ನಿ ಲಾರಾ ಯೆಹೂದ್ಯ ವಂಶದವಳು. ಸ್ಟಾಕ್‌ಹೋಮಿನಲ್ಲಿ ಪಾರಿತೋಷಕವನ್ನು ಸ್ವೀಕರಿಸಿದ ಆತನು ಸ್ವದೇಶಕ್ಕೆ ಹಿಂದಿರುಗದೆ, ಹೆಂಡತಿ ಮಕ್ಕಳೊಡನೆ ಅಮೆರಿಕಕ್ಕೆ ಹಡಗು ಹತ್ತಿದನು. 1942ರ ಡಿಸೆಂಬರ್ 2ನೆಯ ತಾರೀಖು ಷಿಕಾಗೊ ನಗರದಲ್ಲಿ ಪ್ರಥಮ ಪರಮಾಣು ಕ್ರಿಯಾಯಂತ್ರವನ್ನು ನಡೆಯಿಸಿದನು. ಬಾಂಬಿನ ನಿರ್ಮಾಣದಲ್ಲಿಯೂ ಆತನ ಕೈ ಇದ್ದಿತು. 1949ರಲ್ಲಿ ಹೈಡ್ರೋಜನ್ ಬಾಂಬಿನ ಪ್ರಶ್ನೆ ಬಂದಾಗ, ಇಸಿಡಾರ್ ರಾಬಿಯೊಡನೆ ನೀತಿಯ ದೃಷ್ಟಿಯಿಂದ ಅದನ್ನು ವಿರೋಧಿಸಿದನು. ಸರ್ಕಾರವು ನಿಶ್ಚಯಿಸಿದ ಮೇಲೆ ಆ ಕೆಲಸಕ್ಕೂ ನೆರವಾದನು. ಈ ವೈರುಧ್ಯವನ್ನು ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ.

ಕೊನೆಯ ವರ್ಷಗಳಲ್ಲಿ ಆತನ ದೃಷ್ಟಿಯು ಆಕಾಶದ ಕಡೆಗೆ ತಿರುಗಿತು. ವಿಶ್ವಕಿರಣದ ಕಣಗಳು ಚಲಿಸುತ್ತಿರುವ ಕಾಂತಕ್ಷೇತ್ರಗಳಿಂದ ಹೇಗೆ ಶಕ್ತಿಯನ್ನು ಪಡೆಯುವುವೆಂಬುದನ್ನು 1949ರಲ್ಲಿ ವಿವರಿಸಿದನು. 1953ರಲ್ಲಿ ಅಂದಿನ ಅವಿಭಜಿತ ಭಾರತದಲ್ಲಿ ಹುಟ್ಟಿದ ಸುಬ್ರಹ್ಮಣ್ಯನ್ ಚಂದ್ರಶೇಖರರೊಡನೆ ಪ್ರಬಂಧಗಳನ್ನು ಬರೆದನು. 1954ರ ನವೆಂಬರ್ 28ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಜಠರದ ಅರ್ಬುದರೋಗದಿಂದ ಕಾಲಾಧೀನನಾದನು.

ಪಲ್ಸಾರುಗಳು ಕಂಡುಬಂದುದು 1967ರಲ್ಲಿ. ಸೂರ್ಯನನ್ನು ಮೀರಿದ ತೂಕವು ಸುಮಾರು 20 ಕಿಲೋಮೀಟರು ಅಗಲದ ನ್ಯೂಟ್ರಾನ್ ಗೋಲದಲ್ಲಿ ಅಡಗಿ ಬುಗುರಿಯಂತೆ ತಿರುಗುವುದೇ ಪಲ್ಸಾರ್. ಆ ಗೋಲವನ್ನು ಹಿಡಿದು ನಿಲ್ಲಿಸುವುದರಲ್ಲಿ 1926ರ ನಿಯಮಕ್ಕೂ ಪಾಲುಂಟು. 1982ರಲ್ಲಿ ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರೊಂದು ಸಿಕ್ಕಿತು. ವೃದ್ಧ ಪಲ್ಸಾರು ತನ್ನ ಜೊತೆಯ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಂಡು ಮತ್ತೆ ಯೌವನದ ವೇಗವನ್ನು ಪಡೆಯುವುದೆಂದು ಆ ವರ್ಷವೇ ಸೂಚಿಸಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾಲಯದ ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ಇದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ.

ಫೆರ್ಮಿ ಯಂತ್ರದ ಮೊದಲ ವರ್ಷದ ಪಟ್ಟಿಯಲ್ಲಿ 1451 ಗ್ಯಾಮಾ ಮೂಲಗಳಿದ್ದುವು. ಅವುಗಳಲ್ಲಿ 630 ಇಂಥವೆಂದು ಗೊತ್ತಾಗಲಿಲ್ಲ. ಗ್ಯಾಮಾ ಕಣಗಳು ಬಹು ವಿರಳವಾಗಿ ಬರುವುದರಿಂದ ಅವುಗಳಲ್ಲಿಯೇ ಮಿಡಿತವನ್ನು ಎಣಿಸುವುದು ಕಷ್ಟ. ಆದುದರಿಂದ, ಕಾಂತಿಯಲ್ಲಿ ಏರಿಳಿತವಿಲ್ಲದ, ಅತ್ಯುಚ್ಚ ಶಕ್ತಿಯಲ್ಲಿ ಕುಂದುವ ಮೂಲಗಳನ್ನು ಆರಿಸಿ, ಅವುಗಳ ಕಡೆಗೆ ರೇಡಿಯೊ ದೂರದರ್ಶಕಗಳನ್ನು ತಿರುಗಿಸಿದರು. ಪುಣೆಯ ಉತ್ತರದ ಖೋಡದ ಗ್ರಾಮದ ಬಳಿ 45 ಮೀಟರು ಅಗಲದ 30 ತಟ್ಟೆಗಳುಳ್ಳ ದೂರದರ್ಶಕವೂ ಈ ಕಾರ್ಯದಲ್ಲಿ ಹೊಸ ಪಲ್ಸಾರುಗಳನ್ನು ಪತ್ತೆಮಾಡಿತು. 2017ರಲ್ಲಿ ಇಂಥದೇ ಅಜ್ಞಾತ ಮೂಲವೊಂದರಲ್ಲಿ ಸೆಕೆಂಡಿಗೆ 707 ಸುತ್ತಿನ ಪಲ್ಸಾರು ಪ್ರಕಟವಾಯಿತು. 2023ರ ವೇಳೆಗೆ ಗ್ಯಾಮಾ ಪಲ್ಸಾರುಗಳ ಪಟ್ಟಿಯು 294ಕ್ಕೆ ಏರಿತು.

ತಿಳಿಯದುದನ್ನು ತಿಳಿಯದುದೆಂದೇ ಬರೆದಿಟ್ಟು ಮುಂದಿನವರಿಗೆ ಒಪ್ಪಿಸಿದ ಪ್ರಾಮಾಣಿಕತೆಯಿಂದ ಈ ಫಲ ದೊರೆಯಿತು. ಜನ್ಮವನ್ನು ನೋಡಿ ಮನುಷ್ಯನ ಬೆಲೆ ಕಟ್ಟಿದ ಸರ್ಕಾರವು ಅಂಥ ಪಂಡಿತನನ್ನು ಕಳೆದುಕೊಂಡಿತು. ಆಶ್ರಯವಿತ್ತ ದೇಶವು ಆತನ ಹೆಸರನ್ನು ಆಕಾಶಕ್ಕೇರಿಸಿತು. ರಾಜ್ಯಭಾರ ಮಾಡುವವರೆಲ್ಲರೂ ಇದನ್ನು ಮನಗಾಣುವುದು ಲೇಸು.